ನೀನು, ನೀವು: ಒಂದು ಶನಿವಾರದ ಚಿಂತನೆ

ವಾರದ ಐದು ದಿನ ನಾನು ಬೆಂಗಳೂರಿನ ಲೆಕ್ಕಪತ್ರ ಕಚೇರಿಯೊಂದರ ಉದ್ಯೋಗಿ. ಶನಿವಾರ ಮಾತ್ರ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಫ್ರೆಂಚ್ ಭಾಷೆಯನ್ನು ಕಲಿಯುತ್ತಿದ್ದೇನೆ. ಹೊನ್ನಾಳಿಯಲ್ಲಿ ಹುಟ್ಟಿ ತುಂಗಭದ್ರೆಯ ನೀರು ಕುಡಿದು ಬೆಳೆದವಳಿಗೆ ಫ್ರೆಂಚ್ ಏಕೆ ಬೇಕಾಯಿತೆಂದು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುವುದುಂಟು. ಕಚೇರಿಗೆ ಫ್ರಾನ್ಸಿನಿಂದ ಬರುವ ಕಾಗದಪತ್ರಗಳನ್ನು ಓದಬಲ್ಲವರು ಬೇಕಾಗಿದ್ದರು ಎಂಬುದು ನಾನು ಕೊಡುವ ಉತ್ತರ. ನಲವತ್ತರ ಸಮೀಪದಲ್ಲಿ ಮತ್ತೊಮ್ಮೆ ಮಗುವಿನಂತೆ ತೊದಲುವ ಅವಕಾಶ ದೊರೆಯಿತೆಂಬ ಸಂತೋಷವೂ ಅದರ ಹಿಂದೆ ಇದೆ. ಅದನ್ನು ಹೇಳಿದರೆ ಯಾರೂ ನಂಬಲಾರರೆಂದು ಸುಮ್ಮನಿರುತ್ತೇನೆ.

ಇಲ್ಲಿ ಹೇಳಹೊರಟಿರುವುದು ಅಂಥ ಒಂದು ಶನಿವಾರದ ವೃತ್ತಾಂತ. ಆ ದಿನ ವಿಶೇಷವಾದುದೇನೂ ನಡೆಯಲಿಲ್ಲ. ನಾನು ಬರೆದ ಒಂದು ಸರ್ವನಾಮವನ್ನು ಅಧ್ಯಾಪಕಿಯವರು ಕೆಂಪು ಶಾಯಿಯಲ್ಲಿ ತಿದ್ದಿದರು, ಅಷ್ಟೆ. ಆದರೆ ಆ ತಿದ್ದುಪಡಿ ಅಭ್ಯಾಸಪುಸ್ತಕದಲ್ಲಿಯೇ ನಿಲ್ಲದೆ ಮನೆಯವರೆಗೂ, ಅಲ್ಲಿಂದ ಮೂವತ್ತು ವರ್ಷಗಳ ಹಿಂದಿನ ಹೊನ್ನಾಳಿಯವರೆಗೂ ನನ್ನನ್ನು ಹಿಂಬಾಲಿಸಿತು.

ಶನಿವಾರ ಬೆಳಿಗ್ಗೆ ಐದೂವರೆಗೆ ಏಳುವುದು ನನ್ನ ಕ್ರಮ. ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟುಕೊಂಡು ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತೇನೆ. ಫ್ರೆಂಚಿನ ಕ್ರಿಯಾಪದಗಳು ಕನ್ನಡದವುಗಳಂತೆಯೇ ಕರ್ತೃವನ್ನು ನೋಡಿ ಕೊನೆಯನ್ನು ಬದಲಿಸಿಕೊಳ್ಳುತ್ತವೆ. ಈ ಒಂದು ಗುಣದಿಂದಾಗಿ ಇಂಗ್ಲಿಷಿಗಿಂತ ಅದು ನಮಗೆ ಹತ್ತಿರದ ಭಾಷೆಯೆಂದು ನನಗೆ ತೋರಿದೆ. ಆರೂವರೆಗೆ ಕೆಲಸದವಳು ಬಂದಳು. ಪಾವಗಡದ ಕಡೆಯವಳು, ವಯಸ್ಸು ಅರವತ್ತರ ಮೇಲೆ. ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ತೊಳೆದು, ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಾಳೆ. ನನ್ನ ತಾಯಿಯ ವಯಸ್ಸಿನವಳಾದರೂ ನನ್ನನ್ನು ‘ಅಕ್ಕಾ’ ಎಂದು ಕರೆಯುತ್ತಾಳೆ. “ಇವತ್ತು ನನಗೆ ಕ್ಲಾಸ್ ಇದೆ, ನೀನು ಬೇಗ ಮುಗಿಸು” ಎಂದೆ. “ಆಯ್ತಕ್ಕಾ, ನೀವು ಹೊರಡಿ, ಮೆಟ್ಟಿಲು ಆಮೇಲೆ ತೊಳೀತೀನಿ” ಎಂದಳು. ಈ ಮಾತುಗಳಲ್ಲಿ ಯಾವ ಕಹಿಯೂ ಇರಲಿಲ್ಲ. ಎರಡು ವರ್ಷಗಳಿಂದ ದಿನವೂ ನಡೆಯುತ್ತಿದ್ದ ಸಂಭಾಷಣೆ ಅದು. ಕಿವಿಗೊಟ್ಟು ಕೇಳಬೇಕಾದದ್ದೇನೂ ಅದರಲ್ಲಿ ಇದೆಯೆಂದು ನನಗೆ ಅನ್ನಿಸಿರಲಿಲ್ಲ.

ವಿಜಯನಗರದಲ್ಲಿ ಮೆಟ್ರೊ ಹತ್ತಿ, ವಿಧಾನಸೌಧದ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ವಸಂತನಗರಕ್ಕೆ ಆಟೊ ಹಿಡಿಯುತ್ತೇನೆ. ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್ ನನ್ನ ಪಾಠಶಾಲೆ. ಫ್ರೆಂಚ್ ಭಾಷೆಯನ್ನು ಹೊರನಾಡುಗಳಲ್ಲಿ ಕಲಿಸುವುದಕ್ಕೆಂದು 1883ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂಸ್ಥೆಯ ಕವಲು ಅದು. ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಭಾಷಾಕಲಿಕೆಗೆ ಆರು ಮೆಟ್ಟಿಲುಗಳಿವೆ. ನಾನು ಇನ್ನೂ ಎರಡನೆಯದರ ಮೇಲೆ ನಿಂತಿದ್ದೇನೆ. ನಮ್ಮ ತರಗತಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತಕ್ಕೆ ಹೋಗಬೇಕೆಂದಿರುವ ಒಬ್ಬ ಶುಶ್ರೂಷಕಿ ಇದ್ದಾರೆ, ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ನಿವೃತ್ತಿಯ ನಂತರ ಹೊಸದೊಂದನ್ನು ಕಲಿಯಬೇಕೆಂದು ಬಂದ ಹಿರಿಯರೊಬ್ಬರಿದ್ದಾರೆ. ತಪ್ಪು ಮಾಡುವುದರಲ್ಲಿ ಮಾತ್ರ ನಾವೆಲ್ಲರೂ ಒಂದೇ ವಯಸ್ಸಿನವರು.

ಆ ದಿನದ ಅಭ್ಯಾಸ ಸರಳವಾಗಿತ್ತು. ಪ್ಯಾರಿಸ್ಸಿನ ಒಂದು ವಸತಿಕಟ್ಟಡ. ಅಲ್ಲಿ ಮೆಟ್ಟಿಲುಗಳನ್ನು ಶುಚಿಯಾಗಿಟ್ಟು, ಅಂಚೆಯನ್ನು ಮನೆಮನೆಗೆ ಹಂಚುವ ಮಹಿಳೆಯೊಬ್ಬಳಿದ್ದಾಳೆ. ಅಂಥವರನ್ನು ಫ್ರೆಂಚರು ಕೊನ್ಸಿಯೆರ್ಜ್ ಎನ್ನುತ್ತಾರೆ. ಮೇಲಿನ ಮಹಡಿಯ ಬಾಡಿಗೆದಾರಳು ಆಕೆಯೊಡನೆ ಆಡುವ ಹತ್ತು ಸಾಲಿನ ಸಂಭಾಷಣೆಯನ್ನು ಬರೆಯಬೇಕಾಗಿತ್ತು. ಫ್ರೆಂಚಿನಲ್ಲಿ ‘ನೀನು’ ಎಂಬುದಕ್ಕೆ ‘ತ್ಯು’, ‘ನೀವು’ ಎಂಬುದಕ್ಕೆ ‘ವೂ’. ಇದನ್ನು ನಾವು ಮೊದಲ ವಾರದಲ್ಲಿಯೇ ಕಲಿತಿದ್ದೆವು. ಇಂಗ್ಲಿಷಿನ ಒಂದೇ ಪದಕ್ಕೆ ಹೊಂದಿಕೊಂಡವರಿಗೆ ಈ ಭೇದ ಕಷ್ಟವಾಗುತ್ತದೆ. ಕನ್ನಡದವಳಾದ ನನಗೆ ಅದು ಹುಟ್ಟಿನಿಂದ ಬಂದದ್ದು ಎಂಬ ಸಣ್ಣ ಹೆಮ್ಮೆಯೂ ನನಗಿತ್ತು. ನಾನು ಬೇಗನೆ ಬರೆದು ಮುಗಿಸಿದೆ.

ಪುಸ್ತಕ ಮರಳಿ ಬಂದಾಗ ವ್ಯಾಕರಣದ ದೋಷ ಒಂದೂ ಇರಲಿಲ್ಲ. ಆದರೆ ಏಳು ಕಡೆಗಳಲ್ಲಿ ‘ತ್ಯು’ ಎಂಬ ಪದದ ಸುತ್ತ ಕೆಂಪು ಸುತ್ತುಗಳಿದ್ದವು. ಬಾಡಿಗೆದಾರಳು ಕೊನ್ಸಿಯೆರ್ಜಳನ್ನು ‘ತ್ಯು’ ಎಂದೂ, ಆಕೆ ಬಾಡಿಗೆದಾರಳನ್ನು ‘ವೂ’ ಎಂದೂ ಸಂಬೋಧಿಸುವಂತೆ ನಾನು ಬರೆದಿದ್ದೆ. ಅಧ್ಯಾಪಕಿಯವರು ನಗುತ್ತಲೇ ಕೇಳಿದರು: “ಈಕೆ ನಿಮ್ಮ ಕಥೆಯಲ್ಲಿ ಚಿಕ್ಕ ಹುಡುಗಿಯೇ? ಅಥವಾ ಬಾಡಿಗೆದಾರಳ ತಂಗಿಯೇ?” ನಾನು ಅಲ್ಲವೆಂದೆ. “ಹಾಗಾದರೆ ‘ತ್ಯು’ ಏಕೆ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಇತ್ತು, ಹೇಳುವಂಥ ಉತ್ತರ ಅದಾಗಿರಲಿಲ್ಲ. ಆಕೆ ಮೆಟ್ಟಿಲು ತೊಳೆಯುವವಳು, ಆದುದರಿಂದ ‘ನೀನು’. ಯಾವ ಪುಸ್ತಕದಲ್ಲಿಯೂ ಓದದ ಈ ನಿಯಮವನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಊರೊಂದರ ಕಾಲ್ಪನಿಕ ಹೆಂಗಸಿಗೂ ಅದನ್ನು ಅನಾಯಾಸವಾಗಿ ಅನ್ವಯಿಸಿದ್ದೆ.

ಅಧ್ಯಾಪಕಿಯವರು ಆಗ ಇಡೀ ತರಗತಿಗೆ ವಿವರಿಸಿದರು. ಅಪರಿಚಿತ ವಯಸ್ಕರೆಲ್ಲರಿಗೂ ಫ್ರೆಂಚರು ‘ವೂ’ ಎನ್ನುತ್ತಾರೆ. ಬೀದಿ ಗುಡಿಸುವವರಾಗಲಿ, ಹೋಟೆಲಿನಲ್ಲಿ ಬಡಿಸುವವರಾಗಲಿ, ನ್ಯಾಯಾಧೀಶರಾಗಲಿ, ಪದ ಒಂದೇ. ‘ತ್ಯು’ ಎಂದು ಕರೆಯುವುದಕ್ಕೂ ‘ವೂ’ ಎಂದು ಕರೆಯುವುದಕ್ಕೂ ಆ ಭಾಷೆಯಲ್ಲಿ ಪ್ರತ್ಯೇಕ ಕ್ರಿಯಾಪದಗಳೇ ಇವೆ: ‘ತ್ಯುತ್ವಾಯೆ’ ಮತ್ತು ‘ವೂವ್ವಾಯೆ’. ಪೊಲೀಸರು ನಾಗರಿಕರೊಡನೆ ‘ವೂ’ ಎಂದೇ ಮಾತನಾಡತಕ್ಕದ್ದೆಂದು 2014ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಪೊಲೀಸ್ ನೀತಿಸಂಹಿತೆ ವಿಧಿಸಿದೆ. ನಿಯಮವೊಂದನ್ನು ಬರೆಯಬೇಕಾಗಿ ಬಂದಿತೆಂದರೆ ಅದರ ಉಲ್ಲಂಘನೆಯೂ ನಡೆಯುತ್ತಿತ್ತು ಎಂದೇ ಅರ್ಥ. ಫ್ರೆಂಚರು ನಮಗಿಂತ ಸಜ್ಜನರೆಂದು ಹೇಳುವುದು ನನ್ನ ಉದ್ದೇಶವಲ್ಲ. ಸರ್ವನಾಮವೊಂದು ರಾಜ್ಯದ ಶಾಸನದಲ್ಲಿ ಸೇರುವಷ್ಟು ಗಂಭೀರವಾದ ವಿಷಯವೆಂದು ಅವರಿಗೆ ತೋರಿತಲ್ಲ ಎಂಬುದಷ್ಟೇ ನನ್ನ ಆಶ್ಚರ್ಯ.

ಮುಂದಿನ ವಾರಕ್ಕೆಂದು ಮನೆಪಾಠವನ್ನೂ ಕೊಟ್ಟರು: ‘ನನ್ನ ವಾರಾಂತ್ಯ’ ಎಂಬ ವಿಷಯವಾಗಿ ಹದಿನೈದು ಸಾಲು.

ಪಾಠ ಮುಗಿದ ಮೇಲೆ ಕಬ್ಬನ್ ಉದ್ಯಾನದಲ್ಲಿ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ಕಾಣುವಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದು ನನ್ನ ವಾಡಿಕೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಅಂದು ರೊಟ್ಟಿ ಗಂಟಲಲ್ಲಿ ಇಳಿಯದೆ ಬಹಳ ಹೊತ್ತು ಯೋಚಿಸುತ್ತ ಕುಳಿತೆ.

ಕನ್ನಡದಲ್ಲಿ ನಾವು ಯಾರನ್ನು ‘ನೀನು’ ಎನ್ನುತ್ತೇವೆ? ಮೊದಲನೆಯದಾಗಿ ದೇವರನ್ನು. ಪ್ರಾರ್ಥನೆಯಲ್ಲಿ ‘ನೀವು’ ಎಂದ ಕನ್ನಡಿಗರನ್ನು ನಾನು ಕಾಣೆ. ಫ್ರಾನ್ಸಿನ ಕ್ಯಾಥೊಲಿಕರು ಬಹುಕಾಲ ದೇವರನ್ನು ‘ವೂ’ ಎಂದೇ ಪ್ರಾರ್ಥಿಸುತ್ತಿದ್ದು, 1966ರಲ್ಲಿ ಬಂದ ಹೊಸ ಪಾಠದಲ್ಲಿ ‘ತ್ಯು’ ಎಂಬುದಕ್ಕೆ ಬದಲಾದರಂತೆ. ಎರಡನೆಯದಾಗಿ ತಾಯಿಯನ್ನು. ತಂದೆಗೆ ‘ನೀವು’ ಎನ್ನುವ ಮನೆಗಳಲ್ಲಿಯೂ ತಾಯಿಗೆ ಸಾಮಾನ್ಯವಾಗಿ ‘ನೀನು’. ಅನಂತರ ಗೆಳೆಯರಿಗೆ, ಮಕ್ಕಳಿಗೆ. ಕಟ್ಟಕಡೆಗೆ ಮನೆಗೆಲಸದವರಿಗೆ, ಹೊಲದ ಆಳಿಗೆ, ಬೀದಿ ಗುಡಿಸುವವರಿಗೆ. ದೇವರು, ತಾಯಿ, ಆಳು ಮೂವರೂ ಒಂದೇ ಸರ್ವನಾಮದ ನೆರಳಿನಲ್ಲಿ ನಿಂತಿರುವುದು ಮೇಲ್ನೋಟಕ್ಕೆ ಒಂದು ಬಗೆಯ ಸಮಾನತೆಯಂತೆಯೇ ಕಂಡೀತು. ಆದರೆ ಭೇದವಿರುವುದು ಪದದಲ್ಲಲ್ಲ. ಅದು ಮರಳಿ ಬರುವ ದಾರಿಯಲ್ಲಿ. ನಾನು ತಾಯಿಯನ್ನು ‘ನೀನು’ ಎಂದರೆ ತಾಯಿಯೂ ನನ್ನನ್ನು ‘ನೀನು’ ಎನ್ನುತ್ತಾಳೆ. ಗೆಳತಿಯ ವಿಷಯವೂ ಹಾಗೆಯೇ. ಆಳು ಮಾತ್ರ ‘ನೀನು’ ಎಂಬುದನ್ನು ಪಡೆದು ‘ನೀವು’ ಎಂಬುದನ್ನು ಹಿಂದಿರುಗಿಸಬೇಕು. ಅಮೆರಿಕದ ವಿದ್ವಾಂಸರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಯುರೋಪಿನ ಭಾಷೆಗಳ ಈ ಸರ್ವನಾಮಗಳನ್ನು ಅಧಿಕಾರ ಮತ್ತು ಸಖ್ಯ ಎಂಬ ಎರಡು ತಕ್ಕಡಿಗಳಲ್ಲಿ ತೂಗಿದ್ದಾರೆ. ಎರಡೂ ಕಡೆಯಿಂದ ಸಮವಾಗಿ ಬಂದರೆ ಸಖ್ಯ. ಒಂದೇ ಕಡೆಗೆ ಹರಿದರೆ ಅಧಿಕಾರ. ಈ ಅಳತೆಗೋಲನ್ನು ಹಿಡಿದು ನೋಡಿದಾಗ ನನ್ನ ಬೆಳಗಿನ “ನೀನು ಬೇಗ ಮುಗಿಸು” ಎಂಬ ಮಾತು ಯಾವ ತಕ್ಕಡಿಗೆ ಸೇರುವುದೆಂಬುದರಲ್ಲಿ ಸಂದೇಹವೇ ಉಳಿಯಲಿಲ್ಲ.

ಕನ್ನಡದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಫ್ರೆಂಚಿನ ಗೌರವ ಎದುರಿಗಿರುವವರಿಗೆ ಮಾತ್ರ. ವ್ಯಕ್ತಿ ಮರೆಯಾದೊಡನೆ ರಾಷ್ಟ್ರಾಧ್ಯಕ್ಷರಿಗೂ ತೋಟಗಾರನಿಗೂ ಒಂದೇ ಪ್ರಥಮಪುರುಷ ಸರ್ವನಾಮ. ನಮ್ಮಲ್ಲಿ ಹಾಗಲ್ಲ. ‘ಬಂದರು’ ಎಂದೋ ‘ಬಂದಳು’ ಎಂದೋ ಅವರ ಬೆನ್ನ ಹಿಂದೆಯೂ ನಾವು ತೀರ್ಮಾನ ಮಾಡಲೇಬೇಕು. ಪತ್ರಿಕೆಗಳನ್ನು ನೋಡಿ: ಶಾಸಕರು ನಿಧನರಾಗುತ್ತಾರೆ, ಕೂಲಿಕಾರ್ಮಿಕನು ಮೃತಪಡುತ್ತಾನೆ. ಸಾವಿನಲ್ಲಿಯೂ ವಚನಭೇದ ಅಳಿಯುವುದಿಲ್ಲ. ಈ ಬರಹದ ಆರಂಭದಲ್ಲಿ ನಾನೂ ‘ಕೆಲಸದವಳು ಬಂದಳು’ ಎಂದೇ ಬರೆದೆ. ಅಧ್ಯಾಪಕಿ ಮಾತ್ರ ‘ಕೇಳಿದರು’. ಓದುಗರಲ್ಲಿ ಎಷ್ಟು ಮಂದಿಗೆ ಅದು ಅಸಹಜವಾಗಿ ಕಂಡಿತೋ ತಿಳಿಯದು. ಆ ಸಾಲನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಅಂದು ಬೆಳಿಗ್ಗೆ ನಾನು ಇದ್ದದ್ದು ಹಾಗೆಯೇ.

ಇಷ್ಟು ಯೋಚಿಸಿದ ಮೇಲೆ ಹೊನ್ನಾಳಿ ನೆನಪಾಗದಿರಲು ಸಾಧ್ಯವಿರಲಿಲ್ಲ.

ನನ್ನ ಬಾಲ್ಯದಲ್ಲಿ ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಉದಯವಾದಾಗ ಅದಕ್ಕೆ ಸೇರಿಕೊಂಡಿತು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹರಿಹರದತ್ತ ಹರಿಯುವ ದಾರಿಯಲ್ಲಿ ನಮ್ಮ ಊರನ್ನು ಮುಟ್ಟುತ್ತವೆ. ಭದ್ರಾ ನಾಲೆಯ ನೀರು ಬರುತ್ತಿದ್ದ ಅಜ್ಜನ ಗದ್ದೆಯಲ್ಲಿ ಹಿರಿಯರೊಬ್ಬರು ದುಡಿಯುತ್ತಿದ್ದರು. ಅಜ್ಜನಿಗಿಂತ ಒಂದೆರಡು ವರ್ಷ ದೊಡ್ಡವರೇ ಇದ್ದಿರಬೇಕು. ಮಳೆಗಾಲದಲ್ಲಿ ದಾರಿ ಕೆಸರಾದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಏಳು ವರ್ಷದ ನಾನು ಅವರ ಹೆಗಲ ಮೇಲೆ ಕುಳಿತು, ಅವರ ಹೆಸರು ಹಿಡಿದು, “ನಿನ್ನಿಂದ ತಡ ಆತು, ಬೇಗ ನಡಿ” ಎನ್ನುತ್ತಿದ್ದೆ. “ನಡೆದೆ ಸಣ್ಣವ್ವಾರೆ” ಎನ್ನುತ್ತಿದ್ದರು ಅವರು. ಶಾಲೆಯ ಬಾಗಿಲಲ್ಲಿ ಇಳಿಸಿ, ನನ್ನ ಕಾಲಿಗೆ ಕೆಸರು ತಾಗಿದ್ದರೆ ತಮ್ಮ ಟವಲಿನಿಂದ ಒರೆಸಿ ಹೋಗುತ್ತಿದ್ದರು.

ಅವರಿಗೆ ನನ್ನ ವಯಸ್ಸಿನ ಮೊಮ್ಮಗನಿದ್ದ. ನನ್ನ ತರಗತಿಯಲ್ಲಿಯೇ ಓದುತ್ತಿದ್ದ. ಒಂದು ಸಂಜೆ ಅವನು ನಮ್ಮ ಅಂಗಳದಲ್ಲಿ ನಿಂತಿದ್ದಾಗ ಅವರು ಗದ್ದೆಯಿಂದ ಬಂದು, “ದಣೇರು ಎಲ್ಲಿ?” ಎಂದು ಕೇಳಿದರು. ಹುಡುಗ ನನ್ನ ಅಜ್ಜನನ್ನು ಕುರಿತು, “ಒಳಗೆ ಉಣ್ತಾ ಅದಾನೆ” ಎಂದ. ಮರುಕ್ಷಣವೇ ಆ ಮುದುಕರ ಕೈ ಮೇಲೆದ್ದು ಅವನ ಕೆನ್ನೆಯ ಮೇಲೆ ಬಿದ್ದಿತು. “ಅದಾರೆ ಅನ್ನು” ಎಂದರು. ಹುಡುಗ ಅಳುತ್ತ “ಅದಾರೆ” ಎಂದ. ಮೂರು ಸಲ ಹೇಳಿಸಿದರು. ಒಳಗಿನಿಂದ ಯಾರೂ ಹೊಡೆಯಿರೆಂದು ಹೇಳಿರಲಿಲ್ಲ. ನನ್ನ ಅಜ್ಜನಿಗೆ ಆ ಮಾತು ಕೇಳಿಸಿಯೂ ಇರಲಿಲ್ಲ. ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ ನನಗೆ, ತಪ್ಪು ಮಾಡಿದವನಿಗೆ ತಕ್ಕ ಶಿಕ್ಷೆಯಾಯಿತು ಎನ್ನಿಸಿತು. ಅದೇ ದಿನ ಬೆಳಿಗ್ಗೆ ಅದೇ ಮುದುಕರನ್ನು ನಾನು ಹೇಗೆ ಕರೆದಿದ್ದೆನೆಂಬುದು ನನಗೆ ಹೊಳೆಯಲಿಲ್ಲ. ಹುಡುಗ ಮಾತ್ರ ನನ್ನನ್ನು ನೋಡಿದ. ಅವನಿಗೆ ಹೊಳೆದಿತ್ತು.

‘ಹೊನ್ನಾಳಿ ಹೊಡೆತ’ ಎಂಬ ನುಡಿಗಟ್ಟನ್ನು ಬೆಂಗಳೂರಿನ ಗೆಳತಿಯರು ತಮಾಷೆಗಾಗಿ ನನ್ನ ಮುಂದೆ ಬಳಸುವುದುಂಟು. ನಾನೂ ನಕ್ಕುಬಿಡುತ್ತೇನೆ. ಆದರೆ ಆ ಶನಿವಾರದಿಂದೀಚೆಗೆ ಆ ಮಾತು ಕೇಳಿದಾಗ ಕಿವಿಗೆ ಬೀಳುವುದು ಒಂದೇ ಹೊಡೆತದ ಸದ್ದು. ಅದು ಮುದುಕರ ಕೈಯಿಂದ ಬಿದ್ದದ್ದು ನಿಜ; ಆ ಕೈಯನ್ನು ಎತ್ತಿಸಿದ ಭಯ ನನ್ನ ಮನೆಯ ಜಗಲಿಯಿಂದ ಬಂದದ್ದು.

ಈ ಪತ್ರಿಕೆಯ ಓದುಗರಿಗೆ ಭಾಷಾಸಮಿತಿ ಎಂಬುದು ಹೊಸ ಪದವಲ್ಲ. ಮಾತು ಹಿತವಾಗಿರಬೇಕು, ಮಿತವಾಗಿರಬೇಕು, ನೋಯಿಸದಂತಿರಬೇಕು ಎಂದು ನಾವೆಲ್ಲರೂ ಕೇಳಿದ್ದೇವೆ. ಆ ಎಚ್ಚರವನ್ನು ನಾವು ಸಾಮಾನ್ಯವಾಗಿ ಬೈಗುಳಕ್ಕೆ, ಸುಳ್ಳಿಗೆ, ಚಾಡಿಗೆ ಅನ್ವಯಿಸಿ ನಿಶ್ಚಿಂತರಾಗುತ್ತೇವೆ. ನಾನು ಯಾರನ್ನೂ ಬೈದವಳಲ್ಲ. ಆದರೆ ಬೈಗುಳವಿಲ್ಲದೆಯೂ, ಸುಳ್ಳಿಲ್ಲದೆಯೂ, ಮೃದುವಾದ ದನಿಯಲ್ಲಿಯೇ ಒಬ್ಬರನ್ನು ಕೆಳಗೆ ಕೂರಿಸುವುದು ಸಾಧ್ಯ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಲ್ಲಿ ಕ್ರೋಧ ಸದ್ದು ಮಾಡುತ್ತದೆ. ಮಾನ ವ್ಯಾಕರಣದೊಳಗೆ ಅಡಗಿ ಕುಳಿತುಕೊಳ್ಳುತ್ತದೆ. ಅದು ನಮ್ಮದೆಂದು ನಮಗೇ ತಿಳಿಯುವುದಿಲ್ಲ.

ಸರ್ವನಾಮವನ್ನು ಸಮಗೊಳಿಸುವ ಪ್ರಯತ್ನಗಳು ಹಿಂದೆಯೂ ನಡೆದಿವೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ದೊಡ್ಡವರು ಚಿಕ್ಕವರೆನ್ನದೆ ಎಲ್ಲರನ್ನೂ ಏಕವಚನದಲ್ಲಿಯೇ ಸಂಬೋಧಿಸಿ, ಅದಕ್ಕಾಗಿ ಹೊಡೆತವನ್ನೂ ನಿಂದೆಯನ್ನೂ ಸಹಿಸಿದರು. ಮಹಾಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ, 1793ರಲ್ಲಿ, ಪ್ರಜೆಗಳೆಲ್ಲರೂ ಪರಸ್ಪರ ‘ತ್ಯು’ ಎನ್ನಬೇಕೆಂಬ ಬೇಡಿಕೆ ಹುಟ್ಟಿ ಸರ್ಕಾರಿ ಕಚೇರಿಗಳವರೆಗೂ ತಲುಪಿತು. ಕೆಲವೇ ವರ್ಷಗಳಲ್ಲಿ ಆ ಉತ್ಸಾಹ ತಣ್ಣಗಾಯಿತು. ಅವರು ಎಲ್ಲರನ್ನೂ ‘ನೀನು’ ಎಂಬಲ್ಲಿಗೆ ಇಳಿಸಿ ಸಮಗೊಳಿಸಲು ನೋಡಿದರು. ಇಂದಿನ ಫ್ರೆಂಚರು ಅಪರಿಚಿತರನ್ನೆಲ್ಲ ‘ನೀವು’ ಎಂಬಲ್ಲಿಗೆ ಏರಿಸಿ ಸಮಗೊಳಿಸಿದ್ದಾರೆ. ಏರಿಸುವ ದಾರಿಯೇ ನಮಗೆ ಹತ್ತಿರವಾದದ್ದೆಂದು ನನಗೆ ತೋರಿತು. ಸಂಜೆ ಮನೆಗೆ ಹೋದೊಡನೆ ಅದನ್ನು ಆರಂಭಿಸಬೇಕೆಂದು ನಿಶ್ಚಯಿಸಿ, ಯಾವುದೋ ದೊಡ್ಡ ಕಾರ್ಯವನ್ನು ಸಾಧಿಸಿದವಳಂತೆ ಉದ್ಯಾನದಿಂದ ಎದ್ದೆ.

ಸಂಜೆ ಆರಕ್ಕೆ ಅವರು ಪಾತ್ರೆ ತಿಕ್ಕಲು ಬಂದರು. ನಾನು ಮೊದಲೇ ಸಿದ್ಧಪಡಿಸಿಕೊಂಡ ವಾಕ್ಯವನ್ನು, ಫ್ರೆಂಚ್ ಮೌಖಿಕ ಪರೀಕ್ಷೆಯಲ್ಲಿ ಹೇಳುವಂತೆ, ತುಸು ಗಟ್ಟಿಯಾಗಿಯೇ ಹೇಳಿದೆ: “ಬನ್ನಿ, ನೀವು ಮೊದಲು ಚಹಾ ಕುಡಿಯಿರಿ.”

ಅವರು ಬಾಗಿಲಲ್ಲಿಯೇ ನಿಂತುಬಿಟ್ಟರು. ಮುಖ ಸಣ್ಣದಾಯಿತು. “ಯಾಕಕ್ಕಾ, ನನ್ನಿಂದ ಏನಾನ ತಪ್ಪಾಯ್ತಾ? ಬೆಳಗ್ಗೆ ಮೆಟ್ಟಿಲು ಸರಿಯಾಗಿ ತೊಳೀಲಿಲ್ಲ ಅಂದ್ರಾ?” ಎಂದು ಕೇಳಿದರು. ನಾನು ಗಾಬರಿಯಾದೆ. ಹಾಗೇನಿಲ್ಲವೆಂದು ಎಷ್ಟು ಹೇಳಿದರೂ ಅವರ ಸಂಶಯ ಹೋಗಲಿಲ್ಲ. ಕೊನೆಗೆ ಅವರೇ ಹೇಳಿದರು: ಹಿಂದೆ ಕೆಲಸ ಮಾಡುತ್ತಿದ್ದ ಮನೆಯೊಂದರಲ್ಲಿ ಯಜಮಾನಿ ಒಂದು ದಿನ ಇದ್ದಕ್ಕಿದ್ದಂತೆ ‘ನೀವು’ ಎಂದು ಮಾತನಾಡಿಸಿದ್ದರಂತೆ, ‘ನಾಳೆಯಿ೦ದ ನೀವು ಬರಬೇಡಿ’ ಎನ್ನುವುದಕ್ಕಾಗಿ. ಅವರ ಬದುಕಿನಲ್ಲಿ ‘ನೀವು’ ಎಂಬ ಪದ ಗೌರವವಾಗಿ ಬಂದಿರಲಿಲ್ಲ. ಕೆಲಸ ಕಳೆದುಕೊಳ್ಳುವ ಸೂಚನೆಯಾಗಿ ಬಂದಿತ್ತು.

ನನ್ನ ಮಧ್ಯಾಹ್ನದ ಹೆಮ್ಮೆ ಅಲ್ಲಿಗೆ ಮುಗಿಯಿತು. ಮಾತು ತೋಚದೆ ಚಹಾ ಸೋಸಲು ಹೋದೆ. ನನ್ನ ಕೈ ಅಭ್ಯಾಸಬಲದಿಂದ ಅಡುಗೆಮನೆಯ ಕಿಟಕಿಯ ಕಡೆಗೆ ಚಾಚಿತು. ಅಲ್ಲಿ, ಉಳಿದ ಲೋಟಗಳಿಂದ ಬೇರೆಯಾಗಿ, ಅಂಚು ತಗ್ಗಾದ ಒಂದು ಸ್ಟೀಲಿನ ಲೋಟವಿದೆ. ಅದನ್ನು ಅಲ್ಲಿ ಇಟ್ಟವಳು ನಾನೇ. ಅದು ಅವರ ಲೋಟ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ, ನಾನೂ ಅದರ ಬಗ್ಗೆ ಒಮ್ಮೆಯಾದರೂ ಯೋಚಿಸಿರಲಿಲ್ಲ. ಬಾಯಿಯಿಂದ ‘ನೀವು’ ಎಂದು ಹೇಳಿ ಕೈಯಿಂದ ‘ನೀನು’ ಎಂದು ಕೊಡಹೊರಟಿದ್ದೆ. ಅವರಿಗೆ ನನ್ನ ಬಹುವಚನ ಅರ್ಥವಾಗದೆ ಹೋದದ್ದರಲ್ಲಿ ಏನಾಶ್ಚರ್ಯ?

ಆ ಲೋಟವನ್ನು ಬಿಟ್ಟು ನಾನು ಕುಡಿಯುವ ಜೋಡಿಯಲ್ಲಿಯೇ ಎರಡು ಲೋಟ ತೆಗೆದುಕೊಂಡೆ. ಇಬ್ಬರೂ ಕುಳಿತೆವು, ಅವರು ಬಹಳ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ. ಆಗ ನನಗೆ ಇನ್ನೊಂದು ವಿಷಯ ತಿಳಿಯಿತು. ಎರಡು ವರ್ಷಗಳಲ್ಲಿ ನಾನು ಅವರ ಹೆಸರನ್ನೇ ಕೇಳಿರಲಿಲ್ಲ. ಕೇಳಿದೆ. ಹೇಳಿದರು. ಇಲ್ಲಿ ಅದನ್ನು ಬರೆಯಲು ಅನುಮತಿ ಕೇಳಿಲ್ಲವಾದ್ದರಿಂದ ಬರೆಯುವುದಿಲ್ಲ. “ನಿಮ್ಮನ್ನು ಹೇಗೆ ಕರೆಯಲಿ?” ಎಂದೆ. ಅವರು ನಕ್ಕು, “ಹೆಂಗಾದ್ರೂ ಕರೀರಿ ಅಕ್ಕಾ. ತಿಂಗಳಿಗೆ ಎರಡು ದಿನ ರಜಾ ಕೊಟ್ರೆ ಸಾಕು. ಮೊಮ್ಮಗಳನ್ನ ನೋಡಿ ಐದು ತಿಂಗಳಾಯ್ತು” ಎಂದರು.

‘ನನ್ನ ವಾರಾಂತ್ಯ’ ಎಂಬ ಮನೆಪಾಠ ಮೇಜಿನ ಮೇಲೆ ಕಾಯುತ್ತಿತ್ತು. ನಾನು ಬೆಳಿಗ್ಗೆ ಓದಿ, ಮಧ್ಯಾಹ್ನ ಉದ್ಯಾನದಲ್ಲಿ ಕುಳಿತು, ಸಂಜೆ ಚಿಂತನೆ ಮಾಡುವ ಈ ವಾರಾಂತ್ಯ, ನನ್ನ ಪಾತ್ರೆಗಳನ್ನು ಬೇರೊಬ್ಬರು ವಾರದ ಏಳು ದಿನವೂ ತಿಕ್ಕುವುದರಿಂದ ಒದಗಿದ್ದು. ಫ್ರಾನ್ಸಿನಲ್ಲಿ ವಾರಕ್ಕೊಂದು ದಿನದ ವಿರಾಮವನ್ನು ದುಡಿಯುವವರ ಹಕ್ಕಾಗಿಸಿದ ಕಾನೂನು ಬಂದದ್ದು 1906ರ ಜುಲೈ 13ರಂದು. ಮನೆಗೆಲಸದವರಿಗೂ ವಾರಕ್ಕೆ ಕನಿಷ್ಠ 24 ಗಂಟೆಗಳ ಅವಿಚ್ಛಿನ್ನ ವಿರಾಮವಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೆಯ ಒಡಂಬಡಿಕೆ 2011ರಲ್ಲಿ ಹೇಳಿತು. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸುವ ಅಧಿಸೂಚನೆಯನ್ನು ನಮ್ಮ ಕರ್ನಾಟಕವೇ 2004ರಲ್ಲಿ ಹೊರಡಿಸಿತು. ಲೆಕ್ಕಪತ್ರದ ಕಚೇರಿಯಲ್ಲಿ ಇತರರ ವೇತನಪಟ್ಟಿಗಳನ್ನು ಪರಿಶೀಲಿಸುವ ನಾನು ಇವುಗಳಲ್ಲಿ ಯಾವುದನ್ನೂ ನನ್ನ ಅಡುಗೆಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ.

ಭಾನುವಾರಗಳಂದು ನಮ್ಮ ಮನೆಗೆ ಬರಬೇಡಿರೆಂದು, ಸಂಬಳದಲ್ಲಿ ಯಾವ ಕಡಿತವೂ ಇಲ್ಲವೆಂದು, ಆ ಸಂಜೆಯೇ ಹೇಳಿದೆ. ಈ ಬಾರಿ ‘ಬರಬೇಡಿ’ ಎಂಬ ಮಾತಿಗೆ ಅವರು ಹೆದರಲಿಲ್ಲ. ಆದರೆ ಒಂದು ಮನೆಯ ರಜೆ ರಜೆಯಾಗಲಾರದು. ಉಳಿದ ಮೂರು ಮನೆಗಳವರೊಡನೆ ಮುಂದಿನ ವಾರ ಮಾತನಾಡಿದೆ. ಇಬ್ಬರು ಒಪ್ಪಿದರು, ಒಬ್ಬರು ಇನ್ನೂ ಒಪ್ಪಿಲ್ಲ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಹಿಂದಿನ ಶನಿವಾರದವರೆಗೆ ನಾನೂ ಅವರಂತೆಯೇ ಇದ್ದೆ.

ರಾತ್ರಿ ಎಂದಿನಂತೆ ಹೊನ್ನಾಳಿಗೆ, ತಾಯಿಗೆ, ದೂರವಾಣಿ ಮಾಡಿದೆ. ಮಳೆ, ಭತ್ತದ ದರ, ನೆಂಟರ ಮದುವೆ ಎಲ್ಲ ಆದ ಮೇಲೆ ಆ ಹುಡುಗನ ವಿಷಯ ಕೇಳಿದೆ. “ಅವರಾ? ಈಗ ಬ್ಯಾಂಕಿನಾಗೆ ಆಫೀಸರ್ ಆಗ್ಯಾರೆ, ದಾವಣಗೆರಿಯಾಗೆ ಅದಾರೆ. ಮೊನ್ನೆ ಬಂದಿದ್ರು, ಒಳಗೆ ಕರೆದು ಕಾಫಿ ಕೊಟ್ಟೆ” ಎಂದಳು ತಾಯಿ. ನನಗೆ ಸಂತೋಷವಾಯಿತು. ಅವನ ತಾತನನ್ನೂ ಕೇಳಿದೆ, ಉತ್ತರ ಗೊತ್ತಿದ್ದರೂ. “ಅವನಾ? ಅವನು ಸತ್ತು ಹದಿನೈದು ವರ್ಷ ಆತಲ್ಲವ್ವಾ. ಪಾಪ, ಒಳ್ಳೆಯವನು” ಎಂದಳು.

ನನ್ನ ತಾಯಿ ಕೆಟ್ಟವಳಲ್ಲ. ಆ ಹಿರಿಯರು ಕಾಯಿಲೆ ಮಲಗಿದ್ದಾಗ ತಿಂಗಳುಗಟ್ಟಲೆ ಗಂಜಿ ಕಳುಹಿಸಿದವಳು ಅವಳೇ. ಆದರೂ ‘ಅದಾರೆ’ ಎಂಬ ಆ ಒಂದು ಪದ ಮೊಮ್ಮಗನಿಗೆ ಬ್ಯಾಂಕಿನ ಹುದ್ದೆಯ ಮೂಲಕ ದೊರೆಯಿತೇ ಹೊರತು, ಮೂರು ತಲೆಮಾರುಗಳನ್ನು ಹೊತ್ತು ನಡೆದ ತಾತನಿಗೆ ಸತ್ತ ಮೇಲೂ ದೊರೆಯಲಿಲ್ಲ. ನಾವು ಗೌರವ ಕೊಡುವುದು ಮನುಷ್ಯರಿಗೋ ಅಥವಾ ಅವರ ಕುರ್ಚಿಗೋ ಎಂಬ ಪ್ರಶ್ನೆಗೆ ಇದಕ್ಕಿಂತ ನಿಚ್ಚಳವಾದ ಉತ್ತರ ಬೇಕಿಲ್ಲ.

ಮುಂದಿನ ಶನಿವಾರ ತಿದ್ದಿದ ಸಂಭಾಷಣೆಯನ್ನು ಒಪ್ಪಿಸಿದೆ. ಏಳು ‘ತ್ಯು’ಗಳ ಬದಲು ಏಳು ‘ವೂ’ಗಳಿದ್ದವು, ಕ್ರಿಯಾಪದಗಳ ಕೊನೆಗಳನ್ನೂ ಸರಿಪಡಿಸಿದ್ದೆ. ಅಧ್ಯಾಪಕಿಯವರು ಚೆನ್ನಾಗಿದೆಯೆಂದು ಬರೆದು ಸಹಿ ಹಾಕಿದರು. ಮನೆಯಲ್ಲಿ ಕೆಲಸ ಅಷ್ಟು ಸುಲಭವಾಗಿ ಸಾಗುತ್ತಿಲ್ಲ. ಅವಸರದ ಬೆಳಗುಗಳಲ್ಲಿ ನನ್ನ ಬಾಯಿಂದ ಈಗಲೂ ‘ನೀನು’ ಬಂದುಬಿಡುತ್ತದೆ. ಆಗ ಅವರು ಕೈಯಲ್ಲಿದ್ದ ಪಾತ್ರೆಯನ್ನು ಹಿಡಿದುಕೊಂಡೇ ನನ್ನತ್ತ ತಿರುಗಿ ನಗುತ್ತಾರೆ. ನಾನು ಮತ್ತೊಮ್ಮೆ ಮೊದಲಿನಿಂದ ಹೇಳುತ್ತೇನೆ.